ಇಪ್ಪತ್ತು ಬೈಟಿನ ಫೈಲು



ಆಹ್ವಾನ ಪತ್ರಿಕೆಯಲ್ಲಿ ನನ್ನ ಉಪನ್ಯಾಸದ ವಿಷಯ 'ದತ್ತಾಂಶ ಸಂರಕ್ಷಣೆ: ಸವಾಲುಗಳು ಮತ್ತು ಪರಿಹಾರಗಳು' ಎಂದು ಅಚ್ಚಾಗಿದೆ. ಸಂಘಟಕರು ಫೋನಿನಲ್ಲಿ ಅವಸರ ಮಾಡಿದಾಗ ಗಾಬರಿಯಲ್ಲಿ ನಾನೇ ಕೊಟ್ಟ ಹೆಸರು ಅದು. ಅಷ್ಟು ದೊಡ್ಡ ವಿಷಯವನ್ನು ಹೊರುವ ಶಕ್ತಿ ನನಗಿಲ್ಲ. ಇವತ್ತು ನಾನು ಮಾತಾಡುವುದು ಒಂದು ಫೈಲಿನ ಬಗ್ಗೆ. ಅದರ ಗಾತ್ರ ಇಪ್ಪತ್ತು ಬೈಟು. ಕಂಪ್ಯೂಟರಿನಲ್ಲಿ ಕನ್ನಡದ ಒಂದು ಅಕ್ಷರ ಮೂರು ಬೈಟು ತಿನ್ನುತ್ತದೆ. ಕಾಗುಣಿತ, ಒತ್ತು ಸೇರಿದರೆ ಇನ್ನೂ ಹೆಚ್ಚು. ಅಂದರೆ 'ನಮಸ್ಕಾರ' ಅಂತ ಬರೆಯುವಷ್ಟು ಜಾಗವೂ ಅದರಲ್ಲಿಲ್ಲ. ನನಗೆ ಈ ಕೆಲಸ ಕಲಿಸಿದ್ದು ಆ ಫೈಲು.

2009ರ ಮಾತು. ಮಲೆನಾಡಿನ ಸೆರಗಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಒಂದು ಪತ್ತಿನ ಸಹಕಾರ ಸಂಘ. ಹೆಸರು ಬೇಡ, ಈಗಲೂ ಚೆನ್ನಾಗಿ ನಡೆಯುತ್ತಿದೆ. ಪಿಗ್ಮಿ, ಚಿನ್ನದ ಸಾಲ, ಅಡಿಕೆಯ ಮೇಲಿನ ಮುಂಗಡ, ಎಲ್ಲವನ್ನೂ ಹೊತ್ತು ನಿಂತದ್ದು ಒಂದೇ ಸರ್ವರ್. ಕಾರ್ಯದರ್ಶಿಗಳ ಕೋಣೆಯ ಪಕ್ಕದಲ್ಲಿ, ಹಳೆಯ ಖತಾವಣಿಗಳ ಬೀರುವಿಗೆ ಒರಗಿಸಿ ಅದನ್ನು ಇಟ್ಟಿದ್ದರು. ಒಳಗೆ ಎರಡು ಡಿಸ್ಕು: ಒಂದರಲ್ಲಿ ಲಿನಕ್ಸ್, ಇನ್ನೊಂದರಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸು. ನೋಡಿಕೊಳ್ಳುವವನು ನಾನು, ಬೆಂಗಳೂರಿನಿಂದ ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಬ್ಯಾಕಪ್ಪಿಗೆ ನಾನು ಬರೆದಿದ್ದ ಸ್ಕ್ರಿಪ್ಟು ನಾಲ್ಕು ಸಾಲಿನದು. ರಾತ್ರಿ ಹನ್ನೊಂದಕ್ಕೆ ಡೇಟಾಬೇಸನ್ನೆಲ್ಲ ಡಂಪ್ ಮಾಡು, ಜಿಜಿಪ್‌ನಿಂದ ಕುಗ್ಗಿಸು, ತಾರೀಖಿನ ಹೆಸರಿಟ್ಟು ಹೊರಗಿನ ಡಿಸ್ಕಿಗೆ ಹಾಕು, ಮೂವತ್ತು ದಿನ ದಾಟಿದ ಹಳೆಯ ಫೈಲುಗಳನ್ನು ಅಳಿಸು. ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಗುಮಾಸ್ತೆಯೊಬ್ಬರು ಫೋಲ್ಡರ್ ನೋಡಿ, ಹೊಸ ಫೈಲು ಬಂದಿದೆಯೆಂದು ಒಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ರಿಜಿಸ್ಟರಿಗೆ ಮೂರು ಕಾಲಂ ಗೆರೆ ಹಾಕಿಕೊಟ್ಟವನೂ ನಾನೇ: ತಾರೀಖು, ಫೈಲಿನ ಹೆಸರು, ಸಹಿ.

ಜುಲೈ 27, ಸೋಮವಾರ, ನಾಗರಪಂಚಮಿಯ ಮಾರನೆಯ ದಿನ. ಡೇಟಾಬೇಸಿದ್ದ ಡಿಸ್ಕು ಟಕ್ ಟಕ್ ಎಂದು ನಾಲ್ಕು ಸಲ ಸದ್ದು ಮಾಡಿ ಸುಮ್ಮನಾಯಿತು. ನನಗೇನೂ ಭಯವಾಗಲಿಲ್ಲ. ಫೋನಿನಲ್ಲಿ ಕಾರ್ಯದರ್ಶಿಗಳಿಗೆ, "ರಾತ್ರಿ ಬಸ್ಸಿಗೆ ಹೊಸ ಡಿಸ್ಕು ತರ್ತೀನಿ ಸಾರ್, ನಾಳೆ ಮಧ್ಯಾಹ್ನದೊಳಗೆ ಕೌಂಟರ್ ಶುರು ಮಾಡಬಹುದು" ಅಂದೆ. ಹೋದೆ. ಹೊರಗಿನ ಡಿಸ್ಕು ಸಿಕ್ಕಿಸಿ ಫೋಲ್ಡರ್ ತೆರೆದೆ. 31 ಫೈಲುಗಳು, ತಾರೀಖಿನ ಪ್ರಕಾರ ಒಂದೂ ತಪ್ಪದೆ ಸಾಲಾಗಿ ನಿಂತಿದ್ದವು. ಗಾತ್ರದ ಕಡೆ ಕಣ್ಣು ಹೋಯಿತು. 20. 20. 20. ಕೊನೆಯವರೆಗೂ 20. ಒಂದು ಸಂಘದ ಅಷ್ಟೂ ಜನರ ದುಡ್ಡಿನ ಲೆಕ್ಕದ ಬದಲು ನನ್ನೆದುರು 620 ಬೈಟು ಇತ್ತು. ನಾಲ್ಕೈದು ಎಸ್ಸೆಮ್ಮೆಸ್ಸಿನಷ್ಟು.

ಈ ಇಪ್ಪತ್ತು ಬೈಟು ಏನೆಂದು ಬಿಡಿಸಿ ಹೇಳಬೇಕು, ಯಾಕೆಂದರೆ ಮೋಸ ಇರುವುದೇ ಅಲ್ಲಿ. ಜಿಜಿಪ್ ಎಂಬುದು ಕೊಟ್ಟದ್ದನ್ನು ಮಡಚಿ ಲಕೋಟೆಗೆ ಹಾಕುವ ಪ್ರೋಗ್ರಾಮು. ಅದಕ್ಕೆ ಏನನ್ನೂ ಕೊಡದಿದ್ದರೂ ಲಕೋಟೆಯನ್ನಂತೂ ತಯಾರಿಸುತ್ತದೆ. ಹತ್ತು ಬೈಟು ತಲೆಬರಹ, 'ಒಳಗೆ ಏನೂ ಇಲ್ಲ' ಎನ್ನಲು ಎರಡು, ತಾಳೆ ನೋಡುವ ಮೊತ್ತಕ್ಕೆ ನಾಲ್ಕು, ಮೂಲದ ಗಾತ್ರ ಹೇಳಲು ನಾಲ್ಕು. ಒಟ್ಟು ಇಪ್ಪತ್ತು. ಖಾಲಿ ಲಕೋಟೆ, ಆದರೆ ಅಂಟು ಹಾಕಿದ್ದು, ಸೀಲು ಒತ್ತಿದ್ದು. ಫೈಲು ಕೆಟ್ಟಿದೆಯೇ ಎಂದು ಜಿಜಿಪ್‌ನ ಪರೀಕ್ಷೆ ಓಡಿಸಿದರೆ 'ಸರಿಯಾಗಿದೆ' ಎಂದೇ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. ಖಾಲಿಯನ್ನು ಖಾಲಿಯಾಗಿಯೇ ಕಾಪಾಡಿದೆ.

ಒಳಗಿನ ಕಾಗದ ಎಲ್ಲಿ ಹೋಯಿತು? ಆ ಮಾರ್ಚಿನಲ್ಲಿ ಲೆಕ್ಕಪರಿಶೋಧಕರು ಬಂದಿದ್ದರು. ಡೇಟಾಬೇಸಿನ ಪಾಸ್‌ವರ್ಡು ವರ್ಷಗಳಿಂದ ಬದಲಾಗಿಲ್ಲ ಎಂದು ಆಕ್ಷೇಪಣೆ ಬರೆದರು. ಸರಿಯಾದ ಆಕ್ಷೇಪಣೆ. ಏಪ್ರಿಲ್ 1ರಂದು ನಾನು ಬದಲಿಸಿದೆ. ಕೌಂಟರಿನ ತಂತ್ರಾಂಶ ನಡೆಯುತ್ತಿದೆಯೇ ಎಂದು ಮೂರು ಸಲ ನೋಡಿದೆ. ಬ್ಯಾಕಪ್ ಸ್ಕ್ರಿಪ್ಟಿನ ಹೊಟ್ಟೆಯಲ್ಲಿ ಹಳೆಯ ಪಾಸ್‌ವರ್ಡು ಹಾಗೇ ಕೂತಿರುವುದು ನೆನಪಾಗಲಿಲ್ಲ. ಆ ರಾತ್ರಿ ಡಂಪ್ ಪ್ರೋಗ್ರಾಮು ಬಾಗಿಲು ತಟ್ಟಿತು, 1045 ಎಂಬ ದೋಷಸಂಖ್ಯೆಯೊಂದಿಗೆ ಮೈಎಸ್‌ಕ್ಯೂಎಲ್ ಅದನ್ನು ಹೊರಗೆ ಕಳಿಸಿತು. ಎರಡನ್ನೂ ಜೋಡಿಸಿದ್ದ ಪೈಪಿನ ಆ ತುದಿಯಲ್ಲಿ ಕಾಯುತ್ತಿದ್ದ ಜಿಜಿಪ್‌ಗೆ ಏನೂ ಬರಲಿಲ್ಲ. ಅದು ಖಾಲಿ ಲಕೋಟೆ ಅಂಟಿಸಿ, ಕೆಲಸ ಮುಗಿಯಿತು ಎಂದು ಸೊನ್ನೆ ಹೇಳಿತು. ಯುನಿಕ್ಸ್ ಲೋಕದಲ್ಲಿ ಸೊನ್ನೆ ಅಂದರೆ ಪಾಸು, ಬೇರೆ ಯಾವ ಅಂಕಿ ಬಂದರೂ ಫೇಲು. ಎರಡು ಪ್ರೋಗ್ರಾಮುಗಳನ್ನು ಪೈಪಿನಿಂದ ಜೋಡಿಸಿದಾಗ ಆಜ್ಞೆಗಳನ್ನು ನಡೆಸುವ ಶೆಲ್ ಕೇಳುವುದು ಕೊನೆಯವನ ಫಲಿತಾಂಶ ಮಾತ್ರ. ಮೊದಲನೆಯವನು ಬಿದ್ದರೂ ಕೊನೆಯವನು ಪಾಸಾದರೆ ಮೆರವಣಿಗೆಯೇ ಪಾಸು. ಇದನ್ನು ತಡೆಯಲು ಬ್ಯಾಷ್ ಎಂಬ ಶೆಲ್‌ನಲ್ಲಿ 'ಪೈಪ್‌ಫೇಲ್' ಎಂಬ ಒಂದು ಮಾತು ಸೇರಿಸಿದರೆ ಸಾಕು. ಆ ಒಂದು ಮಾತು ನನಗೆ ಆಗ ಗೊತ್ತಿತ್ತು. ಬರೆದಿರಲಿಲ್ಲ.

ಇನ್ನೊಂದು ಇದೆ, ಇದನ್ನು ಹೇಳಲು ನನಗೆ ಈಗಲೂ ನಾಚಿಕೆ. ಆ ದೋಷದ ಸಂದೇಶ ಕಳೆದುಹೋಗಿರಲಿಲ್ಲ. ರಾತ್ರಿಯ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವ ಕ್ರಾನ್, ಕೆಲಸ ಏನಾದರೂ ಗೊಣಗಿದರೆ ಅದನ್ನು ಆ ಯಂತ್ರದೊಳಗೇ ಇರುವ ರೂಟ್ ಎಂಬ ಬಳಕೆದಾರನ ಅಂಚೆಪೆಟ್ಟಿಗೆಗೆ ಹಾಕುತ್ತದೆ. ಲಿನಕ್ಸ್ ಇದ್ದ ಡಿಸ್ಕು ಬದುಕಿತ್ತಲ್ಲ, ಪೆಟ್ಟಿಗೆ ತೆರೆದು ನೋಡಿದೆ. 117 ಕಾಗದ. ಏಪ್ರಿಲ್ 1ರಿಂದ ಜುಲೈ 26ರವರೆಗೆ ರಾತ್ರಿಗೊಂದರಂತೆ, ಎಲ್ಲದರಲ್ಲೂ ಒಂದೇ ಸಾಲು: ಪ್ರವೇಶವಿಲ್ಲ. ನಾಲ್ಕು ತಿಂಗಳು ಅದು ನನ್ನನ್ನು ಕೂಗಿತ್ತು. ನಾನು ಆ ಪೆಟ್ಟಿಗೆಯ ಬಾಗಿಲನ್ನು ಒಮ್ಮೆಯೂ ತೆರೆದಿರಲಿಲ್ಲ.

ಹಾಗಾದರೆ ಮಾರ್ಚಿನ ಒಳ್ಳೆಯ ಪ್ರತಿಗಳು? ಸ್ಕ್ರಿಪ್ಟಿನ ನಾಲ್ಕನೆಯ ಸಾಲು ನೆನಪಿರಲಿ, ಮೂವತ್ತು ದಿನ ದಾಟಿದ್ದನ್ನು ಅಳಿಸು. ಇಡೀ ವ್ಯವಸ್ಥೆಯಲ್ಲಿ ಚಾಚೂ ತಪ್ಪದೆ ಕೆಲಸ ಮಾಡಿದ್ದು ಆ ಸಾಲೊಂದೇ. ರಾತ್ರಿಗೊಂದು ಖಾಲಿ ಲಕೋಟೆ ಒಳಗೆ ಬಂತು, ರಾತ್ರಿಗೊಂದು ತುಂಬಿದ ಲಕೋಟೆ ಹೊರಗೆ ಹೋಯಿತು. ಮೇ ತಿಂಗಳು ಶುರುವಾಗುವ ಹೊತ್ತಿಗೆ ಮನೆ ಪೂರ್ತಿ ಬರಿದು. ಬ್ಯಾಕಪ್ ವ್ಯವಸ್ಥೆಯಲ್ಲಿ ಅತ್ಯಂತ ಅಪಾಯದ ಆಜ್ಞೆ ಅಳಿಸುವ ಆಜ್ಞೆ ಎಂದು ಅವತ್ತಿನಿಂದ ನಾನು ನಂಬಿದ್ದೇನೆ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ ಆದದ್ದೂ ಇದರ ದೊಡ್ಡಣ್ಣ. ಬ್ಯಾಕಪ್ ವ್ಯವಸ್ಥೆಯ ಸ್ಕ್ರಿಪ್ಟು ಓಡುತ್ತಿರುವಾಗಲೇ ಅದನ್ನು ತಿದ್ದಿದ ಹೊಸ ಪ್ರತಿಯಿಂದ ಬದಲಿಸಿದರು. ಬ್ಯಾಷ್ ಸ್ಕ್ರಿಪ್ಟನ್ನು ಓದುತ್ತಾ ಓದುತ್ತಾ ನಡೆಸುವಂಥದ್ದು. ನಡುವೆ ಪುಟ ಬದಲಾಯಿತು, ಹಳೆಯ ಲಾಗುಗಳನ್ನು ಅಳಿಸಬೇಕಿದ್ದ ಸಾಲಿಗೆ ಯಾವ ಜಾಗದಲ್ಲಿ ಅಳಿಸಬೇಕೆಂಬುದೇ ಗೊತ್ತಿಲ್ಲದಾಯಿತು. ಸುಮಾರು 77 ಟೆರಾಬೈಟ್ ಸಂಶೋಧನೆಯ ಮಾಹಿತಿ, 3.4 ಕೋಟಿ ಫೈಲು, ಕಾಪಾಡಬೇಕಾದವನ ಕೈಯಿಂದಲೇ ಹೋಯಿತು.

ನಮ್ಮ ಸಂಘಕ್ಕೆ ಬರೋಣ. ಉಳಿಸಿದ್ದು ಎರಡು, ಎರಡರಲ್ಲೂ ನನ್ನ ಪಾತ್ರವಿಲ್ಲ. ಮಾರ್ಚ್ 31ರ ಡಂಪನ್ನು ಲೆಕ್ಕಪರಿಶೋಧಕರು ಒಂದು ಸಿಡಿಗೆ ಬರೆಸಿಕೊಂಡು ಹೋಗಿದ್ದರು. ಅದು ಅವರ ಮೇಜಿನ ಡ್ರಾಯರಿನಲ್ಲಿ ಕವರ್ ಸಮೇತ ಸಿಕ್ಕಿತು. ಏಪ್ರಿಲಿನಿಂದ ಮುಂದಿನದಕ್ಕೆ ಕಾಗದ ಇತ್ತು. ಕಾರ್ಯದರ್ಶಿಗಳು ದಿನವೂ ಸಂಜೆ ರೋಜುಕಿರ್ದಿಯನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಮುದ್ರಿಸಿ, ದಾರ ಕಟ್ಟಿ ಬೀರುವಿನಲ್ಲಿಡುತ್ತಿದ್ದರು. "ಎಲ್ಲಾ ಕಂಪ್ಯೂಟರಲ್ಲೇ ಇರುತ್ತೆ ಸಾರ್, ಕಾಗದ ಯಾಕೆ ದಂಡ ಮಾಡ್ತೀರಿ" ಅಂತ ನಾನು ಎರಡು ಸಲ ಬುದ್ಧಿ ಹೇಳಿದ್ದೆ. ಅವರು ನಕ್ಕು ಸುಮ್ಮನಾಗಿದ್ದರು, ಮುದ್ರಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಆರು ಜನ ಕೂತು ಹನ್ನೊಂದು ದಿನ ಆ ಕಾಗದಗಳಿಂದ ಮತ್ತೆ ಟೈಪು ಮಾಡಿದೆವು. ಪಿಗ್ಮಿ ಏಜೆಂಟರು ತಮ್ಮ ರಸೀದಿ ಪುಸ್ತಕ ತಂದು ತಾಳೆ ನೋಡಿಸಿದರು. ಕಾರ್ಯದರ್ಶಿಗಳು ನನಗೆ ಬೈಯಲಿಲ್ಲ. ಮೂರನೆಯ ದಿನ ಕಾಫಿ ಕೊಡುತ್ತಾ, "ನೋಡ್ರೀ, ನಿಮ್ಮ ದಂಡದ ಕಾಗದ" ಅಂದರು. ಅಷ್ಟೇ.

ಸಣ್ಣ ಊರು, ಒಬ್ಬನೇ ಆಸಾಮಿ, ಅದಕ್ಕೇ ಹೀಗಾಯಿತು ಎಂದು ಬಹಳ ದಿನ ಸಮಾಧಾನ ಹೇಳಿಕೊಂಡಿದ್ದೆ. 2017ರ ಜನವರಿ 31ರ ನಂತರ ಆ ಸಮಾಧಾನವೂ ಹೋಯಿತು.

ಗಿಟ್‌ಲ್ಯಾಬ್ ಎಂಬುದು ಪ್ರಪಂಚದ ಪ್ರೋಗ್ರಾಮರುಗಳು ತಮ್ಮ ಕೋಡನ್ನು ಇಟ್ಟುಕೊಳ್ಳುವ ತಾಣ. ಅದರ ಡೇಟಾಬೇಸು ಪೋಸ್ಟ್‌ಗ್ರೆಸ್. ಒಂದು ಮುಖ್ಯ ಸರ್ವರು, ಅದನ್ನು ಕ್ಷಣಕ್ಷಣಕ್ಕೂ ಹಿಂಬಾಲಿಸುವ ಇನ್ನೊಂದು. ಆ ರಾತ್ರಿ ಸ್ಪ್ಯಾಮ್‌ನ ಹೊರೆ ಬಿದ್ದು ಎರಡನೆಯದು ಹಿಂದೆ ಉಳಿಯಿತು. ಅದನ್ನು ಖಾಲಿ ಮಾಡಿ ಮೊದಲಿನಿಂದ ಪ್ರತಿ ಎತ್ತಬೇಕಾಗಿತ್ತು. ಪ್ರತಿ ಎತ್ತುವ ಆಜ್ಞೆ ಕೊಟ್ಟರೆ ಅದು ಏನೂ ಹೇಳದೆ ಸುಮ್ಮನೆ ನಿಂತುಬಿಡುತ್ತಿತ್ತು. ನಿಜಕ್ಕೆ ಅದು ಕೆಟ್ಟಿರಲಿಲ್ಲ, ಮುಖ್ಯ ಸರ್ವರು ಸಿದ್ಧವಾಗಲಿ ಎಂದು ಕಾಯುತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ದಣಿದಿದ್ದ ಎಂಜಿನಿಯರು, ಹಳೆಯ ಫೋಲ್ಡರ್ ಅಡ್ಡ ಬರುತ್ತಿರಬೇಕು ಎಂದುಕೊಂಡು ಅದನ್ನು ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಾವು ಕೂತಿರುವುದು ಎರಡನೆಯ ಸರ್ವರಿನ ಮೇಲಲ್ಲ, ಮುಖ್ಯ ಸರ್ವರಿನ ಮೇಲೆ ಎಂದು ಹೊಳೆದು ನಿಲ್ಲಿಸಿದರು. ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಗಿಗಾಬೈಟು.

ಇಲ್ಲಿಯವರೆಗೆ ಇದು ಕೈತಪ್ಪಿನ ಕತೆ. ನನ್ನ ಕತೆ ಶುರುವಾಗುವುದು ಇದಾದ ಮೇಲೆ, ಅವರು ಬ್ಯಾಕಪ್ ಹುಡುಕಲು ಹೊರಟಾಗ. ದಿನಕ್ಕೊಮ್ಮೆ ಡಂಪ್ ತೆಗೆದು ಅಮೆಜಾನಿನ ಎಸ್3ಗೆ ಕಳಿಸುವ ಏರ್ಪಾಡಿತ್ತು. ತೆರೆದು ನೋಡಿದರೆ ಅಲ್ಲಿ ಏನೂ ಇಲ್ಲ. ಡೇಟಾಬೇಸು ಪೋಸ್ಟ್‌ಗ್ರೆಸ್ 9.6, ಡಂಪ್ ತೆಗೆಯುವ ಪ್ರೋಗ್ರಾಮು 9.2ರದ್ದು. ಹಳೆಯ ಡಂಪ್ ಪ್ರೋಗ್ರಾಮು ತನಗಿಂತ ಹೊಸ ಸರ್ವರನ್ನು ಮುಟ್ಟುವುದಿಲ್ಲ. ಆವೃತ್ತಿ ಹೊಂದುವುದಿಲ್ಲ ಎಂದು ಹೇಳಿ ನಿಲ್ಲುತ್ತದೆ. ಹೇಳಿತ್ತು ಕೂಡ. ಕ್ರಾನ್ ಅದನ್ನು ಇಮೇಲಿನಲ್ಲಿ ಕಳಿಸಿತ್ತು. ಆದರೆ ಆ ಇಮೇಲಿಗೆ ಡಿಮಾರ್ಕ್ ಎಂಬ ಕಳಿಸುವವರ ಗುರುತಿನ ತಪಾಸಣೆಗೆ ಬೇಕಾದ ಸಹಿ ಇರಲಿಲ್ಲ. ಸ್ವೀಕರಿಸುವ ಕಡೆಯವರು ಬಾಗಿಲಲ್ಲೇ ತಿರಸ್ಕರಿಸಿದ್ದರು. ನನ್ನ ರೂಟ್ ಪೆಟ್ಟಿಗೆಯ 117 ಕಾಗದಗಳ ಅಣ್ಣತಮ್ಮಂದಿರು ಅಲ್ಲಿ ಬೀದಿಪಾಲಾಗಿದ್ದರು. ಅವರ ವರದಿಯಲ್ಲಿ ಇದನ್ನು ಓದಿದ ದಿನ ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಅವರ ಸರ್ವರುಗಳಿದ್ದ ಅಜೂರ್ ಎಂಬ ಕ್ಲೌಡಿನಲ್ಲಿ ಡಿಸ್ಕಿನ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪ್ರತಿ, ತೆಗೆಯುವ ಸೌಲಭ್ಯವಿತ್ತು, ಡೇಟಾಬೇಸ್ ಸರ್ವರುಗಳಿಗೆ ಅದನ್ನು ಹಾಕಿರಲಿಲ್ಲ. ಕಡೆಗೆ ಕೈಹಿಡಿದದ್ದು, ಪ್ರಯೋಗದ ಸರ್ವರಿಗೆ ತಾಜಾ ಮಾಹಿತಿ ಬೇಕೆಂದು ಒಬ್ಬರು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್. ಅವರ ಪಾಲಿನ ಲೆಕ್ಕಪರಿಶೋಧಕರ ಸಿಡಿ ಅದು! ಪ್ರಯೋಗದ ಸರ್ವರಿನ ಡಿಸ್ಕುಗಳು ನಿಧಾನದವು, ಅಲ್ಲಿಂದ ತರಲು ಗಂಟೆಗಟ್ಟಲೆ ಹಿಡಿಯಿತು. ತಾಣ ಮತ್ತೆ ಬಾಗಿಲು ತೆರೆದದ್ದು ಮಾರನೆಯ ದಿನ. ಆ ಆರು ಗಂಟೆಯ ಅವಧಿಯಲ್ಲಿ ಸೇರಿದ್ದ ಸುಮಾರು 5,000 ಪ್ರಾಜೆಕ್ಟು, 5,000 ಟಿಪ್ಪಣಿ, 700 ಹೊಸ ಖಾತೆಗಳ ದಾಖಲೆ ಹೋಯಿತು. ಆ ಕಂಪನಿಯನ್ನು ನಾನು ಮೆಚ್ಚುವುದು ಒಂದು ಕಾರಣಕ್ಕೆ. ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು, ತಪ್ಪಿನ ಪೂರ್ತಿ ವರದಿ ಪ್ರಕಟಿಸಿದರು, ಅದರಲ್ಲಿ ಆ ಎಂಜಿನಿಯರಿನ ಹೆಸರು ಹಾಕದೆ 'ತಂಡದ ಸದಸ್ಯ 1' ಎಂದು ಬರೆದರು. ನಮ್ಮಲ್ಲಾಗಿದ್ದರೆ ಮೊದಲು ಮೆಮೊ, ಆಮೇಲೆ ರಿಪೇರಿ.

ಈಗ ನನ್ನ ಕೆಲಸದ ರೀತಿಯ ಬಗ್ಗೆ ಸ್ವಲ್ಪ. ಬ್ಯಾಕಪ್ ಫೇಲಾಗಿದೆ ಎಂದು ಯಾರಾದರೂ ಫೋನು ಮಾಡಿದರೆ ಅವರ ಮುಂದಿನ ಮಾತು, "ಇನ್ನೊಂದ್ಸಲ ಓಡಿಸಿ ನೋಡ್ಲಾ ಸಾರ್?" ಬೇಡ ಅನ್ನುತ್ತೇನೆ. ಮೊದಲು ಅಳಿಸುವ ಕೆಲಸವನ್ನು ನಿಲ್ಲಿಸಿ. ಆಮೇಲೆ, ಕಡೆಯ ಒಳ್ಳೆಯ ಪ್ರತಿ ಯಾವ ದಿನದ್ದು, ಅದು ಒಳ್ಳೆಯದೆಂದು ನಿಮಗೆ ಹೇಗೆ ಗೊತ್ತು, ಇದಕ್ಕೆ ಉತ್ತರ ಹುಡುಕಿ. ಯಾಕೆ ಕೆಟ್ಟಿತು ಎಂಬುದು ಮೂರನೆಯ ಪ್ರಶ್ನೆ. ಅದಕ್ಕೂ ಉತ್ತರ ಸಿಗುವುದು 'ಆ ಒಳ್ಳೆಯ ದಿನ ಮತ್ತು ಮಾರನೆಯ ದಿನದ ನಡುವೆ ಯಾರು ಏನು ಬದಲಿಸಿದರು' ಎಂದು ಕೇಳಿದಾಗಲೇ. ಪಾಸ್‌ವರ್ಡು, ಆವೃತ್ತಿ, ಡಿಸ್ಕಿನ ಜಾಗ, ಸರ್ವರಿನ ಸ್ಥಳಾಂತರ: ನೂರರಲ್ಲಿ ಬಹುಪಾಲು ಇಷ್ಟರೊಳಗೇ ಮುಗಿಯುತ್ತದೆ.

ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಬಳಸುವವರಿಗೆ 3041 ಎಂಬ ಸಂಖ್ಯೆ ಪರಿಚಯವಿರುತ್ತದೆ. ಬ್ಯಾಕಪ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಹೊಸಬರು ಆ ಸಂಖ್ಯೆ ಹಿಡಿದು ದಿನವಿಡೀ ಅಲೆಯುತ್ತಾರೆ. ನೋಡಬೇಕಾದದ್ದು ಲಾಗಿನಲ್ಲಿ ಅದರ ಅಕ್ಕಪಕ್ಕದ ಸಾಲು. ಅಲ್ಲಿ ಆಪರೇಟಿಂಗ್ ಸಿಸ್ಟಮಿನ ದೋಷ 5 ಎಂದಿದ್ದರೆ ಅನುಮತಿ ಇಲ್ಲ, 112 ಎಂದಿದ್ದರೆ ಜಾಗ ಇಲ್ಲ. ಅನುಮತಿ ಅಂದಾಗ ಜನ ತಮ್ಮ ಲಾಗಿನ್‌ನಿಂದ ಆ ಫೋಲ್ಡರ್ ತೆರೆದು ತೋರಿಸುತ್ತಾರೆ, "ನೋಡಿ ಸಾರ್, ನನಗೆ ಬರತ್ತಲ್ಲ." ಬರೆಯುವವರು ನೀವಲ್ಲ ಸ್ವಾಮಿ, ಡೇಟಾಬೇಸಿನ ಸರ್ವಿಸ್ ಯಾವ ಖಾತೆಯಲ್ಲಿ ಓಡುತ್ತದೋ ಅದು. ನೀವು ಜೋಡಿಸಿಕೊಂಡ ಝೆಡ್ ಡ್ರೈವ್ ಅದರ ಕಣ್ಣಿಗೆ ಇಲ್ಲವೇ ಇಲ್ಲ. ಹೋಟೆಲಿನ ಮಾಣಿಗೆ ಕೊಟ್ಟ ಬೀಗದ ಕೈ ಭಟ್ಟರ ಹತ್ತಿರ ಇರುವುದಿಲ್ಲವಲ್ಲ, ಹಾಗೆ.

ಕ್ರಾನ್‌ನದು ಇನ್ನೊಂದು ಚೇಷ್ಟೆ. ಟರ್ಮಿನಲ್ಲಿನಲ್ಲಿ ಚೆನ್ನಾಗಿ ಓಡುವ ಆಜ್ಞೆಯನ್ನು ಹಾಗೇ ಕ್ರಾನ್‌ಟ್ಯಾಬ್ ಎಂಬ ಅದರ ಪಟ್ಟಿಗೆ ಅಂಟಿಸಿದರೆ ಕೆಲವೊಮ್ಮೆ ಓಡುವುದಿಲ್ಲ, ಯಾಕೆಂದರೆ ಅಲ್ಲಿ ಶೇಕಡಾ ಚಿಹ್ನೆಗೆ ಬೇರೆಯೇ ಅರ್ಥವಿದೆ: ಇಲ್ಲಿಗೆ ಸಾಲು ಮುಗಿಯಿತು ಅಂತ. ಫೈಲಿಗೆ ತಾರೀಖಿನ ಹೆಸರಿಡಲು ಬೇಕಾದದ್ದೇ ಆ ಚಿಹ್ನೆ. ಆಜ್ಞೆ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಇದೊಂದರಿಂದ ಎಷ್ಟು ಜನರ ನಿದ್ದೆ ಹೋಗಿದೆಯೋ.

ಪೋಸ್ಟ್‌ಗ್ರೆಸ್‌ನಲ್ಲಿ ವಾಲ್ ಎಂಬ ರೋಜುಕಿರ್ದಿ ಇದೆ. ಪ್ರತಿ ಬದಲಾವಣೆ ಮೊದಲು ಅಲ್ಲಿಗೆ. ಅದರ ತುಂಬಿದ ಪುಟಗಳನ್ನು ಬೇರೆಡೆಗೆ ಸಾಗಿಸಲು ಒಂದು ಆಜ್ಞೆ ಕೊಟ್ಟಿರುತ್ತೇವೆ. ಆ ಆಜ್ಞೆ ಫೇಲಾದರೆ ಪೋಸ್ಟ್‌ಗ್ರೆಸ್ ಪುಟವನ್ನು ಎಸೆಯುವುದಿಲ್ಲ, ಕೂಡಿಡುತ್ತಾ ಹೋಗುತ್ತದೆ; ಡಿಸ್ಕು ತುಂಬಿ ಸರ್ವರೇ ನಿಲ್ಲುತ್ತದೆ. ಜನ ಆಗ ಡೇಟಾಬೇಸಿಗೆ ಬೈಯುತ್ತಾರೆ. ನನಗೆ ಅದರ ಮೇಲೆ ಗೌರವ. ಆಜ್ಞೆ ಮಾತ್ರ ಸುಳ್ಳೇ ಸೊನ್ನೆ ಹೇಳುವಂತೆ ಬರೆದಿದ್ದರೆ ಅದು ನಂಬಿ ಪುಟ ಹರಿದುಬಿಡುತ್ತದೆ. ಯಂತ್ರಕ್ಕೆ ಸುಳ್ಳು ಹೇಳುವುದು ಅಷ್ಟು ಸುಲಭ.

ಪ್ರತಿ ಮಾಡುವುದು ಕಂಪ್ಯೂಟರಿಗಿಂತ ಹಳೆಯ ಕೆಲಸ. ಈ ಊರಿನವರಿಗೆ ಮೈಸೂರಿನ ಓರಿಯಂಟಲ್ ಲೈಬ್ರರಿಯ ಕತೆ ಗೊತ್ತೇ ಇರುತ್ತದೆ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ನನಗೆ ಅದರಲ್ಲಿ ಕಾಣುವುದು ಆ ಕಟ್ಟನ್ನು ಪ್ರತಿ ಮಾಡಿದ ಹೆಸರಿಲ್ಲದ ಲಿಪಿಕಾರ. ತಾಳೆಗರಿಯನ್ನು ಪ್ರತಿ ಮಾಡುವವನು ಓದದೆ ಪ್ರತಿ ಮಾಡಲಾರ. ಗರಿ ಖಾಲಿ ಇದ್ದರೆ ಅವನ ಲೇಖನಿ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಜಿಜಿಪ್ ನಿಲ್ಲುವುದಿಲ್ಲ. ಪ್ರತಿ ಮಾಡುವುದನ್ನೂ ಓದುವುದನ್ನೂ ನಾವು ಬೇರೆ ಮಾಡಿದೆವು, ಓದುವ ಕೆಲಸವನ್ನು ಯಾರಿಗೂ ವಹಿಸಲಿಲ್ಲ.

ಆ ಸಂಘದಲ್ಲಿ ಈಗ ತಿಂಗಳಿಗೊಮ್ಮೆ, ಮೊದಲ ಶನಿವಾರ, ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಇನ್ನೊಂದು ಯಂತ್ರದಲ್ಲಿ ರಿಸ್ಟೋರ್ ಮಾಡಿ ಯಾವುದಾದರೂ ಹತ್ತು ಪಾಸ್‌ಬುಕ್ಕಿನ ಬಾಕಿಯನ್ನು ತಾಳೆ ನೋಡುತ್ತಾರೆ. ರಿಜಿಸ್ಟರಿಗೆ ನಾಲ್ಕನೆಯ ಕಾಲಂ ಸೇರಿಸಿದೆವು: ಗಾತ್ರ. ಅದನ್ನು ಬರೆಯುವ ಗುಮಾಸ್ತೆ ಪಿಯುಸಿ ಓದಿದವರು, ಡೇಟಾಬೇಸು ಎಂದರೇನೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಒಂದೂವರೆ ವರ್ಷದ ನಂತರ ಒಂದು ಬೆಳಿಗ್ಗೆ ಫೋನು ಮಾಡಿದರು.

"ಸಾರ್, ಇವತ್ತಿನ ಫೈಲು ನಿನ್ನೆದಕ್ಕಿಂತ ಸಣ್ಣಾಗಿದೆ."

ಡಂಪಿನ ಕಡೆಯಲ್ಲಿ 'ಡಂಪ್ ಕಂಪ್ಲೀಟೆಡ್' ಎಂಬ ಸಾಲು ಇದೆಯಾ ನೋಡಿ ಅಂದೆ. ಇದೆ ಅಂದರು. ಹಾಗಾದರೆ ತೊಂದರೆಯಿಲ್ಲ ಬಿಡಿ ಅಂದೆ. ಅವರು ಬಿಡಲಿಲ್ಲ.

"ಅಲ್ಲ ಸಾರ್, ನಿನ್ನೆ ನಲವತ್ತು ಹೊಸ ಖಾತೆ ಮಾಡಿದೀವಿ. ಜಮಾ ಜಾಸ್ತಿ ಆಗಿ ಫೈಲು ಹೇಗೆ ಕಮ್ಮಿ ಆಗತ್ತೆ?"

ಅರ್ಧ ದಿನ ಕೂತು ಟೇಬಲ್ ಟೇಬಲ್ ಎಣಿಸಿದೆ. ಕಾರಣ ಸಿಕ್ಕಿತು. ಹಿಂದಿನ ಸಂಜೆ ಬೆಂಗಳೂರಿನಿಂದಲೇ ನಾನು ಹಳೆಯ ಲಾಗಿನ್ ದಾಖಲೆಗಳ ಟೇಬಲೊಂದನ್ನು ಖಾಲಿ ಮಾಡಿದ್ದೆ, ಅವರಿಗೆ ತಿಳಿಸಲು ಮರೆತಿದ್ದೆ. ಮುಂದಿನ ಸಲ ಹೋದಾಗ ರಿಜಿಸ್ಟರ್ ತೆರೆದು ನೋಡಿದೆ. ಗಾತ್ರದ ಕಾಲಮ್ಮಿನಲ್ಲಿ ಅವತ್ತಿನ ಅಂಕಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ವಿಚಾರಿಸಲಾಗಿದೆ. ಕಾರಣ: ಸಾರ್ ಅಳಿಸಿದ್ದು.